ಗುಡಿಯಿಲ್ಲದ ಊರಿನಲ್ಲಿ ದೇವರು

ಯೆರೂಸಲೇಮಿನ ದೇವಾಲಯದಿಂದ ಅಷ್ಟು ದೂರ, ಬಾಬಿಲೋನಿನಲ್ಲಿ ಸೆರೆಯಿದ್ದ ಯೆಹೂದ್ಯರಿಗೆ ದೇವರು ಹೇಗೆ ಆಶ್ರಯವಾದನು ಎಂದು ಕೇಳಿದ್ದೀರಿ. ನೀವೂ ಊರು ಬಿಟ್ಟು ಬಂದವರು, ಪ್ರಾರ್ಥನೆಯೇ ಬಾಯಿಗೆ ಬರುತ್ತಿಲ್ಲ ಎಂದೂ ಬರೆದಿದ್ದೀರಿ.

ಬೈಬಲಿನಲ್ಲಿ, ಆ ಸೆರೆಯವರ ನಡುವೆಯೇ ಇದ್ದ ಪ್ರವಾದಿ ಯೆಹೆಜ್ಕೇಲನ ಗ್ರಂಥದ 11ನೆಯ ಅಧ್ಯಾಯವನ್ನು ನಿಧಾನವಾಗಿ ಓದಿ. ಕ್ರಿ.ಪೂ. 597ರಲ್ಲಿ ಸೆರೆಹೋದವರ ಬಗ್ಗೆ ಯೆರೂಸಲೇಮಿನಲ್ಲಿ ಉಳಿದವರು ಆಡಿಕೊಂಡದ್ದು ಅಲ್ಲಿದೆ: ಅವರು ದೇವರಿಂದ ದೂರವಾದರು, ನಾಡು ಇನ್ನು ನಮ್ಮದು. ಎಂಥ ಕ್ರೂರ ಮಾತು! ಅದಕ್ಕೆ ದೇವರ ಉತ್ತರ, ಅವರು ಹೋದ ದೇಶಗಳಲ್ಲಿ ನಾನೇ ಅವರಿಗೆ ಪವಿತ್ರಾಲಯವಾದೆನು ಎಂಬುದು. ಆಲಯ ಕಟ್ಟಿಕೊಡುತ್ತೇನೆ ಎನ್ನಲಿಲ್ಲ, ನಾನೇ ಎಂದನು. ಆ ಉತ್ತರದಲ್ಲಿ ‘ಸ್ವಲ್ಪ’ ಎಂಬರ್ಥದ ಹೀಬ್ರೂ ಪದವೊಂದೂ ಇದೆ; ಅದನ್ನು ‘ಸ್ವಲ್ಪ ಕಾಲ’ ಎಂದೂ ‘ಸ್ವಲ್ಪ ಮಟ್ಟಿಗೆ’ ಎಂದೂ ಅನುವಾದಿಸುತ್ತಾರೆ. ನನಗೆ ಎರಡನೆಯದೇ ಹತ್ತಿರ. ಅದು ಕಳೆದುಕೊಂಡದ್ದನ್ನು ಮರೆಮಾಚುವುದಿಲ್ಲ.

ಇನ್ನೊಂದು: ಬಾಬಿಲೋನಿನ ನಾಡಿನ ಕೆಬಾರ್ ಕಾಲುವೆಯ ದಡದಲ್ಲಿ ಯೆಹೆಜ್ಕೇಲನು ದರ್ಶನದಲ್ಲಿ ಕಂಡ ದೇವರ ಸಿಂಹಾಸನದ ಕೆಳಗೆ ಚಕ್ರಗಳಿದ್ದವು, ಅವುಗಳ ಅಂಚಿನ ಸುತ್ತಲೂ ಕಣ್ಣುಗಳು. ಕಲ್ಲಿನ ಗುಡಿಗೆ ಕಟ್ಟುಬಿದ್ದ ದೇವರಲ್ಲ, ಸೆರೆಯವರ ಬೀಡಿಗೇ ಬಂದವನು.

ಪ್ರಾರ್ಥನೆ ಬಾರದ್ದಕ್ಕೆ ದಯವಿಟ್ಟು ನಿಮ್ಮನ್ನು ನೀವೇ ದೂಷಿಸಿಕೊಳ್ಳಬೇಡಿ. ಅನ್ಯದೇಶದಲ್ಲಿ ಹೇಗೆ ಹಾಡಲಿ ಎಂಬ ಆ ಸೆರೆಯವರ ಅಳಲು ಬೈಬಲಿನ 137ನೆಯ ಕೀರ್ತನೆಯಾಗಿ ಉಳಿದಿದೆ. ಈ ರಾತ್ರಿ ಅದರ ಮೊದಲ ಆರು ವಚನಗಳನ್ನು ಗಟ್ಟಿಯಾಗಿ ಓದಿ.