ಹ್ಯಾಮ್ (ಹವ್ಯಾಸಿ) ರೇಡಿಯೊದಲ್ಲಿ ಎಪಿಆರ್‌ಎಸ್ (ಸ್ಥಾನದಂಥ ಮಾಹಿತಿಯನ್ನು ಪುಟ್ಟ ರೇಡಿಯೊ ಸಂದೇಶಗಳಾಗಿ ಕಳುಹಿಸುವ ವ್ಯವಸ್ಥೆ) ಮೂಲಕ ನನ್ನ ಸ್ಥಾನವನ್ನು ತಿಳಿಸಲು ಏನೇನು ಬೇಕು?

ಹ್ಯಾಮ್ ಪರವಾನಗಿಯೊಂದಿಗೆ ದೊರೆಯುವ ಕರೆಸಂಕೇತ (ಪ್ರಸಾರದಲ್ಲಿ ನಿಮ್ಮನ್ನು ಗುರುತಿಸುವ ಹೆಸರು), 144 ಮೆಗಾಹರ್ಟ್ಸ್ ಪಟ್ಟಿಯ ಎಫ್‌ಎಂ ವಾಕಿಟಾಕಿ, ಅದಕ್ಕೆ ತಂತಿಯಿಂದ ಜೋಡಿಸಿದ ಸ್ಮಾರ್ಟ್‌ಫೋನ್ ಇದ್ದರೆ ಆರಂಭಕ್ಕೆ ಸಾಕು. ದುಬಾರಿ ಉಪಕರಣವನ್ನು ಮೊದಲೇ ಕೊಳ್ಳಬೇಕಾಗಿಲ್ಲ.

ಫೋನಿನ ಆ್ಯಪ್ ಜಿಪಿಎಸ್‌ನಿಂದ ಪಡೆದ ಅಕ್ಷಾಂಶ-ರೇಖಾಂಶಗಳನ್ನು ಕರೆಸಂಕೇತದೊಡನೆ ಒಂದು ಪುಟ್ಟ ಸಂದೇಶವಾಗಿಸಿ, 1200 ಮತ್ತು 2200 ಹರ್ಟ್ಸ್‌ನ ಎರಡು ಸ್ವರಗಳಾಗಿ ಮಾರ್ಪಡಿಸುತ್ತದೆ; ರೇಡಿಯೊ ಅದನ್ನು ಮಾತಿನಂತೆಯೇ ಪ್ರಸಾರ ಮಾಡುತ್ತದೆ. ಅದನ್ನು ಕೇಳಿಸಿಕೊಂಡ ಡಿಜಿಪೀಟರ್, ಅಂದರೆ ಮರುಪ್ರಸಾರ ಕೇಂದ್ರ, ಮತ್ತಷ್ಟು ದೂರಕ್ಕೆ ಸಾಗಿಸಿದರೆ, ಐಗೇಟ್ ಎಂಬ ಕೇಂದ್ರವು ಅಂತರ್ಜಾಲಕ್ಕೆ ದಾಟಿಸುವುದರಿಂದ ನಿಮ್ಮ ಗುರುತು ನಕಾಶೆಯಲ್ಲಿ ಮೂಡುತ್ತದೆ.

ಎಲ್ಲರೂ ಒಂದೇ ಆವರ್ತನವನ್ನು ಹಂಚಿಕೊಳ್ಳುವುದರಿಂದಲೂ, ಸ್ಥಾನದ ಸಂದೇಶ ತಲುಪಿತೆಂದು ಯಾರೂ ಮರುತ್ತರ ನೀಡದಿರುವುದರಿಂದಲೂ, ಏಕಕಾಲದಲ್ಲಿ ಹೊರಟ ಎರಡು ಸಂದೇಶಗಳು ಡಿಕ್ಕಿಯಾಗಿ ಸದ್ದಿಲ್ಲದೆ ನಾಶವಾಗಬಹುದು. ಆದ್ದರಿಂದ ವಾಹನದಿಂದ ಒಂದೆರಡು ನಿಮಿಷಕ್ಕೊಮ್ಮೆ, ಮನೆಯಿಂದಾದರೆ ಅರ್ಧ ಗಂಟೆಗೊಮ್ಮೆ ಕಳುಹಿಸುವುದು ಮರ್ಯಾದೆ.

ಆವರ್ತನವು ಉತ್ತರ ಅಮೆರಿಕದಲ್ಲಿ 144.390, ಯುರೋಪಿನ ಬಹುಭಾಗದಲ್ಲಿ 144.800 ಮೆಗಾಹರ್ಟ್ಸ್, ನಿಮ್ಮ ಊರಿನಲ್ಲಿ ಬಳಕೆಯಲ್ಲಿರುವುದನ್ನು ಸ್ಥಳೀಯ ಹ್ಯಾಮ್‌ಗಳಿಂದಲೇ ಕೇಳಿ ತಿಳಿಯಿರಿ. ಹತ್ತಿರದಲ್ಲಿ ಡಿಜಿಪೀಟರ್ ಇಲ್ಲದಿದ್ದರೆ ನಿರಾಶರಾಗಬೇಡಿ: ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಲ್ಲಿಯೂ ಒಂದಿದ್ದು, ಅದು ಚಾಲನೆಯಲ್ಲಿರುವಾಗ, ನಿಲ್ದಾಣವು ನಿಮ್ಮ ಆಕಾಶವನ್ನು ಹಾಯುವ ಕೆಲವೇ ನಿಮಿಷಗಳಲ್ಲಿ, 145.825 ಮೆಗಾಹರ್ಟ್ಸ್‌ನಲ್ಲಿ ಅದರ ಸಂದೇಶಗಳು ಕೇಳಿಸುತ್ತವೆ.