ಶುಗರ್, ಕೊಲೆಸ್ಟ್ರಾಲ್ ಎರಡೂ ಜಾಸ್ತಿ ಇದ್ದರೆ ಕಣ್ಣಿನ ಹಿಂಬದಿಯ ಪರದೆಯಾದ ರೆಟಿನಾಗೆ ಏನಾಗುತ್ತದೆ?

ಮೊದಲ ಏಟು ಶುಗರಿನದ್ದು. ರೆಟಿನಾದ ಸಣ್ಣ ರಕ್ತನಾಳಗಳು ಕೂದಲೆಳೆಗಿಂತ ಎಷ್ಟೋ ತೆಳು. ಅವುಗಳ ಗೋಡೆಯನ್ನು ಹೊರಗಿನಿಂದ ತಬ್ಬಿ ಹಿಡಿದಿರುವುದು ಪೆರಿಸೈಟ್ ಎಂಬ ಜೀವಕೋಶಗಳು. ಶುಗರ್ ವರ್ಷಗಟ್ಟಲೆ ಏರಿಯೇ ಇದ್ದರೆ ಇವು ಸಾಯುತ್ತಾ ಹೋಗುತ್ತವೆ. ಆಸರೆ ತಪ್ಪಿದ ಗೋಡೆ ಹಳೇ ಸೈಕಲ್ ಟ್ಯೂಬಿನ ಹಾಗೆ ಅಲ್ಲಲ್ಲಿ ಉಬ್ಬುತ್ತದೆ, ಆಮೇಲೆ ಜಿನುಗುತ್ತದೆ.

ಕೊಲೆಸ್ಟ್ರಾಲ್ ಕೈ ಹಾಕುವುದು ಇಲ್ಲಿ. ಸೋರಿದ ನೀರಿನಂಶವನ್ನು ಅಕ್ಕಪಕ್ಕದ ಒಳ್ಳೆಯ ನಾಳಗಳು ಹೀರಿಕೊಳ್ಳುತ್ತವೆ. ಜೊತೆಗೆ ಬಂದ ಕೊಬ್ಬು, ಪ್ರೋಟೀನ್ ಮಾತ್ರ ಅಲ್ಲೇ ಉಳಿದು ಗಟ್ಟಿಯಾಗುತ್ತವೆ. ಡಾಕ್ಟರು ಡ್ರಾಪ್ಸ್ ಹಾಕಿ, ಪಾಪೆ ಅಗಲ ಮಾಡಿ ನೋಡಿದಾಗ ಕಾಣುವ ಹಳದಿ ಚುಕ್ಕೆಗಳು ಇವೇ. ರಕ್ತದಲ್ಲಿ ಕೊಬ್ಬು ಜಾಸ್ತಿ ಇರುವವರಲ್ಲಿ ಇವೂ ಜಾಸ್ತಿ ಕಾಣುವುದುಂಟು. ರೆಟಿನಾದ ನಟ್ಟನಡುವಿನ ಮ್ಯಾಕ್ಯುಲಾ ಎಂಬ ಭಾಗದಲ್ಲಿ ಕೂತವೋ, ಬಸ್ಸಿನ ಬೋರ್ಡು ಓದುವುದೂ ಕಷ್ಟ.

ಕೆಲವು ನಾಳಗಳು ಮುಚ್ಚಿಯೇ ಹೋಗುತ್ತವೆ. ಆಕ್ಸಿಜನ್ ಸಿಗದ ರೆಟಿನಾ ವಿಇಜಿಎಫ್ ಎಂಬ ಪ್ರೋಟೀನ್ ಬಿಡುತ್ತದೆ, ಹೊಸ ನಾಳಗಳು ಹುಟ್ಟುತ್ತವೆ. ಆದರೆ ಅವು ಸುಲಭವಾಗಿ ಒಡೆಯುವಂಥವು. ಒಡೆದರೆ ಕಣ್ಣೊಳಗೆ ರಕ್ತ.

ಇಷ್ಟೆಲ್ಲ ಆಗುವಾಗಲೂ ನೋವಿರುವುದಿಲ್ಲ, ಮೋಸ ಅಂದರೆ ಅದೇ ಅಲ್ವಾ? ಟೈಪ್ 2 ಶುಗರ್ ಗೊತ್ತಾದ ಕೂಡಲೇ ಒಮ್ಮೆ, ಆಮೇಲೆ ಸಾಮಾನ್ಯವಾಗಿ ವರ್ಷಕ್ಕೊಮ್ಮೆ ರೆಟಿನಾ ಪರೀಕ್ಷೆ ಮಾಡಿಸಿ. ಕನ್ನಡಕದ ಅಂಗಡಿಯ ನಂಬರ್ ಟೆಸ್ಟ್ ಇದಕ್ಕೆ ಸಾಲದು.