ಕಾರವಾರಕ್ಕೆ ಸಾಮಾನು ಕಟ್ಟುವ ಮುನ್ನ

ಕೈಗಾ ಸ್ಥಾವರ, ಸೀಬರ್ಡ್ ನೌಕಾನೆಲೆ, ಜಿಲ್ಲಾ ಕಚೇರಿ ಎಂದು ಕೆಲಸದ ಮೇಲೆ ಕಾರವಾರಕ್ಕೆ ಹೊರಟವರು, ನಿವೃತ್ತರಾಗಿ ಕಡಲ ದಂಡೆಯ ಊರಲ್ಲಿ ನೆಲೆಸುವ ಮನಸ್ಸಿನವರು ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳಿಂದ ಬರೆದಿದ್ದಾರೆ. ಆಯ್ದ ಪ್ರಶ್ನೆಗಳಿಗೆ ಉತ್ತರ ಇಲ್ಲಿದೆ.

ನಮ್ಮ ಯಜಮಾನರಿಗೆ ಕಾರವಾರಕ್ಕೆ ವರ್ಗವಾಗಿದೆ. ಮಕ್ಕಳು ಮೂರನೇ ಮತ್ತು ಏಳನೇ ತರಗತಿ. ಡಿಸೆಂಬರಿನಲ್ಲಿ ಹೋಗಿ ನೋಡಿ ಬಂದೆವು, ಊರು ಬಹಳ ಹಿಡಿಸಿತು. ಈಗಲೇ ಮನೆ ಕೊಂಡುಬಿಡೋಣ ಅನ್ನುತ್ತಾರೆ. ಸರಿಯೇ?
(ತುಮಕೂರು)

ಡಿಸೆಂಬರಿನಲ್ಲಿ ಕಾರವಾರ ಯಾರಿಗೆ ತಾನೇ ಹಿಡಿಸುವುದಿಲ್ಲ! ಕೊಳ್ಳುವ ಮಾತಿಗೆ ಮುಂಚೆ ಇನ್ನೆರಡು ಸಲ ಹೋಗಿ ಬನ್ನಿ: ಜುಲೈನಲ್ಲಿ ಒಮ್ಮೆ, ಮೇ ಕೊನೆಯಲ್ಲಿ ಒಮ್ಮೆ. ಜುಲೈ ಮಳೆಯನ್ನು ತೋರಿಸುತ್ತದೆ, ಮೇ ಬಾವಿಯನ್ನು ತೋರಿಸುತ್ತದೆ. ತುಮಕೂರಲ್ಲಿ ವರ್ಷವಿಡೀ ಬೀಳುವ ಮಳೆಗಿಂತ ಹೆಚ್ಚು ಅಲ್ಲಿ ಜುಲೈ ಒಂದೇ ತಿಂಗಳಲ್ಲಿ ಸುರಿಯುತ್ತದೆ.

ಸಂಸಾರಸ್ಥರಿಗೆ ಊರು ಒಳ್ಳೆಯದೇ. ದಕ್ಷಿಣಕ್ಕೆ ಬೈತಖೋಲದ ಗುಡ್ಡ, ಉತ್ತರಕ್ಕೆ ಕಾಳಿ ನದಿಯ ಬಾಯಿ, ಅದರಾಚೆ ಸದಾಶಿವಗಡ, ಎದುರಿಗೆ ಕೂರ್ಮಗಡ, ದೇವಗಡ ದ್ವೀಪಗಳು. ಇವುಗಳ ಮರೆಯಲ್ಲಿರುವ ಕೊಲ್ಲಿಯಾದ್ದರಿಂದ ಮಳೆಗಾಲ ಬಿಟ್ಟರೆ ಅಲೆಗಳ ಆರ್ಭಟ ಕಡಿಮೆ. ಅಣ್ಣ ಸತ್ಯೇಂದ್ರನಾಥರು ಇಲ್ಲಿ ನ್ಯಾಯಾಧೀಶರಾಗಿದ್ದಾಗ ಬಂದು ತಂಗಿದ್ದ ತರುಣ ರವೀಂದ್ರನಾಥ ಟ್ಯಾಗೋರರ ಹೆಸರೇ ದಂಡೆಗಿದೆ. ಶಾಲೆ, ಬಜಾರು, ಕಚೇರಿ, ಕಡಲು ಎಲ್ಲವೂ ನಡೆದು ಮುಟ್ಟುವ ಅಂತರದಲ್ಲಿವೆ. ಬೀದಿಯಲ್ಲಿ ಕೊಂಕಣಿ ಹೆಚ್ಚು ಕೇಳಿಸುತ್ತದೆ, ಆದರೆ ಕನ್ನಡದಲ್ಲಿ ಕೇಳಿದರೆ ಕನ್ನಡದಲ್ಲೇ ಉತ್ತರ ಬರುತ್ತದೆ. ಮಕ್ಕಳು ಎರಡು ವರ್ಷದಲ್ಲಿ ಕೊಂಕಣಿ ಕಲಿತು ನಿಮಗೇ ಅರ್ಥ ಹೇಳಿಕೊಡುತ್ತಾರೆ.

ಒಂದು ಪೂರ್ತಿ ಮಳೆಗಾಲ ಬಾಡಿಗೆ ಮನೆಯಲ್ಲಿ ಕಳೆಯಿರಿ. ಮನೆ ನೋಡುವಾಗ ಮೊದಲು ಹಿಂಬದಿಗೆ ಹೋಗಿ. ಗುಡ್ಡವನ್ನು ನೇರ ಗೋಡೆಯ ಹಾಗೆ ಕಡಿದು ಸಮ ಮಾಡಿದ ಜಾಗವಾದರೆ ಬಾಡಿಗೆಗೂ ಬೇಡ. 2009ರ ಅಕ್ಟೋಬರಿನಲ್ಲಿ ಕಾರವಾರದ ಪಕ್ಕದ ಕಡವಾಡದಲ್ಲಿ, 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಜನ ಸತ್ತದ್ದು ನೆನಪಿರಲಿ. ಇಳಿಜಾರಿನಲ್ಲಿ ಬಿರುಕು, ವಾಲಿದ ಮರ, ಇದ್ದಕ್ಕಿದ್ದಂತೆ ಕೆಸರಾಗಿ ಹರಿಯತೊಡಗಿದ ಒರತೆ, ಇವು ಜಾಗ ಖಾಲಿ ಮಾಡಬೇಕಾದ ಗುರುತುಗಳು. ಕಾಳಿ ದಡದ ಮನೆಯಾದರೆ 2019ರ ಆಗಸ್ಟ್‌ನಲ್ಲಿ ಕದ್ರಾ ಅಣೆಕಟ್ಟಿನಿಂದ ನೀರು ಬಿಟ್ಟಾಗ ಎಲ್ಲಿಯವರೆಗೆ ಬಂದಿತ್ತೆಂದು ನೆರೆಮನೆಯವರನ್ನು ಕೇಳಿ. ಮನೆ ಮಾರುವವರನ್ನಲ್ಲ.

ಕಡಲಿನಿಂದ ಸುಮಾರು ಅರ್ಧ ಕಿಲೋಮೀಟರ್ ದೂರದಲ್ಲಿ ಹತ್ತು ಗುಂಟೆ ಜಾಗ ನೋಡಿದ್ದೇವೆ. ಹಳೇ ಬಾವಿ ಇದೆ, ಬೇಸಿಗೆಯಲ್ಲಿ ನೀರು ಸ್ವಲ್ಪ ಉಪ್ಪಾಗುತ್ತದಂತೆ. ನಮ್ಮ ಕಡೆ ಸಾವಿರದಿನ್ನೂರು ಅಡಿ ಕೊರೆಸಿದವರು ನಾವು. ಅಲ್ಲಿ ಮುನ್ನೂರು ಅಡಿ ಬೋರ್ ಹಾಕಿಸಿದರೆ ಸಿಹಿನೀರು ಸಿಗುವುದಿಲ್ಲವೇ?
(ಮಾಲೂರು)

ಬೋರ್ ಹಾಕಿಸಬೇಡಿ. ನೀರು ಕೆಟ್ಟರೆ ಇನ್ನೂ ಆಳಕ್ಕೆ ಹೋಗು ಅನ್ನುವುದು ಕೋಲಾರದ ಲೆಕ್ಕ. ಕಡಲ ದಂಡೆಯಲ್ಲಿ ಆಳಕ್ಕೆ ಹೋದಷ್ಟೂ ಉಪ್ಪಿಗೆ ಹತ್ತಿರವಾಗುತ್ತೀರಿ.

ಕಾರಣ ಸರಳ. ಸಮುದ್ರದ ನೀರು ಸಿಹಿನೀರಿಗಿಂತ ನೂರಕ್ಕೆ ಎರಡೂವರೆ ಪಾಲು ಭಾರ. ಹಾಗಾಗಿ ಮಳೆನೀರು ನೆಲದೊಳಗೆ ಇಳಿದು ಉಪ್ಪುನೀರಿನ ಮೇಲೆ ತೇಲುತ್ತದೆ. ಬಾವಿಯ ನೀರಿನ ಮಟ್ಟ ಸಮುದ್ರಮಟ್ಟಕ್ಕಿಂತ ಒಂದು ಅಡಿ ಮೇಲಿದ್ದರೆ, ಸಮುದ್ರಮಟ್ಟದಿಂದ ಕೆಳಗೆ ಸುಮಾರು 40 ಅಡಿಯವರೆಗೆ ಸಿಹಿನೀರು ಇರುತ್ತದೆ. ಜನವರಿಯಲ್ಲಿ ಮಟ್ಟ ಐದು ಅಡಿ ಮೇಲಿದ್ದರೆ ಸಿಹಿನೀರು 200 ಅಡಿ ಆಳದವರೆಗೆ. ಮೇ ತಿಂಗಳಲ್ಲಿ ಮಟ್ಟ ಒಂದೇ ಅಡಿಗೆ ಇಳಿದರೆ 40 ಅಡಿಗೇ ಮುಗಿಯಿತು. ಅಡಿಯಲ್ಲಿ ಬಂಡೆಯಿದ್ದರೆ ಲೆಕ್ಕ ಇಷ್ಟು ನೇರವಾಗಿರುವುದಿಲ್ಲ, ಆದರೆ ಸಂಗತಿ ಇದೇ. ಮುನ್ನೂರು ಅಡಿ ಆಳದಿಂದ ದೊಡ್ಡ ಪಂಪು ಎಳೆದರೆ ಕೆಳಗಿನ ಉಪ್ಪುನೀರು ಗೋಪುರದಂತೆ ಮೇಲೇಳುತ್ತದೆ. ಒಮ್ಮೆ ಎದ್ದರೆ ಮತ್ತೆ ಕೆಳಕ್ಕೆ ತಳ್ಳಲು ಎಷ್ಟೋ ಮಳೆಗಾಲ ಬೇಕು. ಅಷ್ಟರಲ್ಲಿ ಅಕ್ಕಪಕ್ಕದ ಬಾವಿಗಳೂ ಕೆಟ್ಟು ನೆರೆಯವರು ನಿಮ್ಮ ಮುಖ ನೋಡುವುದಿಲ್ಲ.

ಆದ್ದರಿಂದ ಹಳೇ ಬಾವಿಯನ್ನೇ ಕಾಪಾಡಿ. ಮೇ ಕೊನೆಯಲ್ಲಿ, ಅಮಾವಾಸ್ಯೆ ಅಥವಾ ಹುಣ್ಣಿಮೆಯ ದೊಡ್ಡ ಉಬ್ಬರದ ದಿನ, ಬೆಳಿಗ್ಗೆ ಒಂದು ಬಾಟಲಿ ನೀರು ತೆಗೆಯಿರಿ. ಪಂಪು ಒಂದು ಗಂಟೆ ಓಡಿಸಿ ಇನ್ನೊಂದು ತೆಗೆಯಿರಿ. ಎರಡನ್ನೂ ಪ್ರಯೋಗಾಲಯಕ್ಕೆ ಕೊಡಿ. ಕುಡಿಯುವ ನೀರಿನಲ್ಲಿ ಕ್ಲೋರೈಡ್ ಲೀಟರಿಗೆ 250 ಮಿಲಿಗ್ರಾಂ ಒಳಗಿರಬೇಕು. ಬೇರೆ ಮೂಲ ಇಲ್ಲದಿದ್ದರೆ 1,000ದವರೆಗೆ ಒಪ್ಪಬಹುದು ಅನ್ನುತ್ತದೆ ಭಾರತೀಯ ಮಾನಕ. ಎರಡನೇ ಬಾಟಲಿಯಲ್ಲಿ ಅಂಕಿ ಜಿಗಿದಿದ್ದರೆ ಬಾವಿಗೆ ಪಂಪು ಭಾರವಾಗಿದೆ ಎಂದರ್ಥ. ಅರ್ಧ ಅಶ್ವಶಕ್ತಿಯ ಪಂಪು ಸಾಕು. ಇಪ್ಪತ್ತು ನಿಮಿಷ ಓಡಿಸಿ, ಎರಡು ಮೂರು ಗಂಟೆ ಬಿಡಿ. ನೀರೆಳೆಯುವ ಪೈಪಿನ ತುದಿಯ ಫುಟ್‌ವಾಲ್ವ್ ಬಾವಿಯ ತಳದಲ್ಲಿ ಬೇಡ, ನೀರಿನ ಮೇಲ್ಮೈಯಿಂದ ಎರಡು ಅಡಿ ಕೆಳಗಿರಲಿ. ಬೇಸಿಗೆಯಲ್ಲಿ ಮಟ್ಟ ಇಳಿದಂತೆ ಅದನ್ನೂ ಇಳಿಸುತ್ತಿರಬೇಕು.

ಮಾಡಿನ ನೀರನ್ನು ಬಾವಿಗೆ ಬಿಡಿ. ನೂರು ಚದರ ಮೀಟರ್ ಮಾಡಿನ ಮೇಲೆ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರ್ ಮಳೆ ಅಂದರೆ ಮೂರು ಲಕ್ಷ ಲೀಟರ್. ಸೋರಿಹೋಗುವುದನ್ನು ಕಳೆದರೂ ಎರಡು ಲಕ್ಷಕ್ಕೆ ಮೋಸವಿಲ್ಲ. ಜೂನ್‌ನ ಮೊದಲ ಎರಡು ಮೂರು ಮಳೆಯ ನೀರನ್ನು ಹೊರಗೆ ಬಿಟ್ಟು, ಆಮೇಲೆ ಜಲ್ಲಿ, ಮರಳು, ಇದ್ದಿಲಿನ ತೊಟ್ಟಿಯ ಮೂಲಕ ಬಾವಿಗೆ ಇಳಿಸಿ. ಶೌಚದ ಇಂಗುಗುಂಡಿ ಬಾವಿಯಿಂದ ಕನಿಷ್ಠ 15 ಮೀಟರ್ ದೂರ, ಇಳಿಜಾರಿನ ಕೆಳಬದಿಗೆ ಇರಲಿ. ಮಳೆಗಾಲದಲ್ಲಿ ನೆಲದ ನೀರು ಮೇಲಕ್ಕೆ ಬಂದು ಗುಂಡಿ ತುಂಬಿಕೊಳ್ಳುತ್ತದೆ, ಗಲೀಜು ಬಾವಿಗೆ ಸೇರುವುದು ಆಗಲೇ. ಜೂನ್‌ನಿಂದ ಅಕ್ಟೋಬರ್‌ವರೆಗೆ ಕುದಿಸದ ಬಾವಿನೀರು ಕುಡಿಯಬಾರದು.

ಇನ್ನು ಕಾಗದಪತ್ರ. ‘ಅರ್ಧ ಕಿಲೋಮೀಟರ್’ ಎಂದು ಬರೆದಿದ್ದೀರಿ, ತಕರಾರು ಅಲ್ಲೇ ಇದೆ. ಕಟ್ಟಡಕ್ಕೆ ನಿರ್ಬಂಧವಿರುವ ಕರಾವಳಿ ನಿಯಂತ್ರಣ ವಲಯ ಉಬ್ಬರದ ಗೆರೆಯಿಂದ 500 ಮೀಟರ್‌ವರೆಗೆ. ಉಬ್ಬರದ ನೀರು ನುಗ್ಗುವ ಹಳ್ಳ, ಹೊಳೆಗಳ ದಡಕ್ಕೂ ಪ್ರತ್ಯೇಕ ಗೆರೆಯಿದೆ. ಅಳತೆ ದಲ್ಲಾಳಿಯ ಬಾಯಿಮಾತಿನದ್ದಾಗಬಾರದು. ಸರ್ವೆ ನಂಬರ್ ಹಿಡಿದು ಕಾರವಾರದ ಪ್ರಾದೇಶಿಕ ನಿರ್ದೇಶಕರ (ಪರಿಸರ) ಕಚೇರಿಯಲ್ಲಿ ನಕ್ಷೆ ನೋಡಿ, ಉತ್ತರವನ್ನು ಬರಹದಲ್ಲಿ ಪಡೆಯಿರಿ. ಎರಡನೆಯದು, ಉತ್ತರ ಕನ್ನಡದ ಬಹುಪಾಲು ನೆಲ ಅರಣ್ಯ. ‘ಎಪ್ಪತ್ತು ವರ್ಷದಿಂದ ನಾವೇ ಇದ್ದೇವೆ’ ಎಂದು ತೋರಿಸುವ ಜಾಗ ಅತಿಕ್ರಮಣದ್ದಾಗಿರಬಹುದು. ‘ಮಾಲ್ಕಿಯೇ?’ (ಖಾಸಗಿ ಒಡೆತನದ್ದೇ?) ಎಂದು ಕೇಳಿ, ಪಹಣಿ, ಋಣಭಾರ ಪತ್ರ, ಸರ್ವೆ ಇಲಾಖೆಯ 11ಇ ನಕ್ಷೆ ಮೂರನ್ನೂ ತಾಳೆ ನೋಡಿ. ಮಾಲ್ಕಿಯಲ್ಲದ ಜಾಗಕ್ಕೆ ಎಷ್ಟು ಕಡಿಮೆ ಬೆಲೆ ಹೇಳಿದರೂ ಮುಂಗಡ ಕೊಡಬೇಡಿ.

ಹತ್ತು ವರ್ಷದ ತಾರಸಿ ಮನೆ ನೋಡಿದ್ದೇವೆ. ಸಜ್ಜೆಯ ಸಿಮೆಂಟ್ ಉದುರಿ ಕಂಬಿ ಕಾಣುತ್ತಿದೆ. ‘ಪ್ಲಾಸ್ಟರ್ ಮಾಡಿ ಬಣ್ಣ ಹೊಡೆದು ಕೊಡುತ್ತೇವೆ’ ಅನ್ನುತ್ತಾರೆ. ಕೊಳ್ಳಬಹುದೇ?
(ತಿಪಟೂರು)

ಸಜ್ಜೆಯಲ್ಲಿ ಮಾತ್ರ ಇದ್ದರೆ ಸರಿಮಾಡಬಹುದು. ತೊಲೆ, ಕಂಬಗಳಲ್ಲೂ ಕಂಬಿಯ ಉದ್ದಕ್ಕೆ ಕೂದಲೆಳೆ ಬಿರುಕು, ಕಂದು ಕಲೆ ಇದ್ದರೆ ಬಿಟ್ಟುಬಿಡಿ. ಉಪ್ಪುಗಾಳಿಯ ಕ್ಲೋರೈಡ್ ಕಾಂಕ್ರೀಟಿನೊಳಗೆ ಇಳಿದು ಕಂಬಿಗೆ ತುಕ್ಕು ಹಿಡಿಸುತ್ತದೆ. ತುಕ್ಕು ಕಬ್ಬಿಣಕ್ಕಿಂತ ಹಲವು ಪಟ್ಟು ಜಾಗ ಬೇಡುತ್ತದೆ, ಹಾಗಾಗಿ ಒಳಗಿನಿಂದಲೇ ಸಿಡಿಸುತ್ತದೆ. ಮೇಲೆ ಪ್ಲಾಸ್ಟರ್ ಮೆತ್ತಿದರೆ ಎರಡು ಮಳೆಗಾಲಕ್ಕೆ ಮತ್ತೆ ಉದುರೀತು.

ಸರಿಯಾದ ಕ್ರಮ ಹೀಗೆ: ಟೊಳ್ಳು ಸದ್ದು ಬರುವಷ್ಟನ್ನೂ ಕೆತ್ತಿ, ಕಂಬಿಯ ಹಿಂದೆ ಬೆರಳು ಆಡುವಷ್ಟು ಜಾಗ ಬಿಡಿಸಿ. ತುಕ್ಕಿಲ್ಲದ ಕಂಬಿ ಸಿಗುವವರೆಗೆ ಕೆತ್ತುತ್ತ ಹೋಗಬೇಕು. ತಂತಿ ಬ್ರಷ್ಷಿನಿಂದ ಉಜ್ಜಿ ಹೊಳಪು ಬರಿಸಿ. ಕಂಬಿಯ ದಪ್ಪ ಕಾಲುಭಾಗ ಸವೆದಿದ್ದರೆ ಪಕ್ಕದಲ್ಲಿ ಹೊಸ ಕಂಬಿ ಕಟ್ಟಿಸಿ. ಸತುವಿನ ಪ್ರೈಮರ್, ಅಂಟುದ್ರಾವಣ, ಪಾಲಿಮರ್ ಗಾರೆ, ಹೀಗೆ ಒಂದಾದ ಮೇಲೊಂದು. ಕ್ಯೂರಿಂಗಿಗೆ ಸಿಹಿನೀರನ್ನೇ ಹಾಕಬೇಕು. ಉಪ್ಪುಬಾವಿಯ ನೀರು ಹಾಕಿದರೆ ಮಾಡಿದ್ದೆಲ್ಲ ವ್ಯರ್ಥ.

ಹೊಸದಾಗಿ ಕಟ್ಟುವವರಿಗೂ ಒಂದು ಮಾತು. ಕಡಲಗಾಳಿಗೆ ತೆರೆದ ಕಟ್ಟಡಕ್ಕೆ ಕಾಂಕ್ರೀಟಿನ ಭಾರತೀಯ ಮಾನಕ ಐಎಸ್ 456 ಕೇಳುವುದು ಎಂ30 ದರ್ಜೆಯ ಕಾಂಕ್ರೀಟು, ಸಿಮೆಂಟಿನ ತೂಕದ 0.45 ಪಾಲಿಗಿಂತ ಹೆಚ್ಚಿಲ್ಲದ ನೀರು, ಕಂಬಿಯ ಮೇಲೆ 45 ಮಿಲಿಮೀಟರ್ ಹೊದಿಕೆ. ನಮ್ಮ ಕಡೆಯ ಮೇಸ್ತ್ರಿಗೆ ಸ್ಲ್ಯಾಬಿಗೆ 20 ಮಿಲಿಮೀಟರ್ ಇಟ್ಟು ಅಭ್ಯಾಸ, ಹೊದಿಕೆಗೆಂದು ಕಂಬಿಯಡಿ ಇಡುವ ಕವರ್ ಬ್ಲಾಕನ್ನು ನೀವೇ ಅಳೆದು ನೋಡಿ. ಸಮುದ್ರದ ಮರಳು ಒಂದು ಬುಟ್ಟಿಯೂ ಒಳಗೆ ಬರಬಾರದು. ಗ್ರಿಲ್ಲಿಗೆ 304 ದರ್ಜೆಯ ಸ್ಟೀಲು ಚುಕ್ಕೆ ಚುಕ್ಕೆಯಾಗಿ ತುಕ್ಕು ಹಿಡಿಯುತ್ತದೆ. 316 ಬಾಳುತ್ತದೆ, ದುಬಾರಿ. ಗೋಡೆಗೆ ಚಿರೆಕಲ್ಲು, ಮಾಡಿಗೆ ಮಂಗಳೂರು ಹೆಂಚು, ಪಶ್ಚಿಮದ ಗೋಡೆಗೆ ಮಳೆಗಾಲದಲ್ಲಿ ತೆಂಗಿನ ಗರಿಯ ತಟ್ಟಿ: ಅಲ್ಲಿನ ಹಳಬರ ಈ ಪದ್ಧತಿಯಲ್ಲಿ ತುಕ್ಕು ಹಿಡಿಯುವ ವಸ್ತುವೇ ಕಡಿಮೆ.

ರೇಷ್ಮೆ ಸೀರೆಗಳನ್ನೂ, ಮೂರು ತಿಂಗಳ ರಾಗಿಯನ್ನೂ ಒಯ್ಯಬೇಕೆಂದಿದ್ದೇನೆ. ಕೆಡುವುದೇ?
(ಶಿಡ್ಲಘಟ್ಟ)

ಸೀರೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಇಟ್ಟರೆ ಬೂಷ್ಟು ಖಂಡಿತ. ಒಗೆದು ಮೆತ್ತಗಾದ ಹಳೇ ಹತ್ತಿಪಂಚೆಯಲ್ಲಿ ಸುತ್ತಿ, ಬೀರುವನ್ನು ಗೋಡೆಯಿಂದ ನಾಲ್ಕು ಬೆರಳು ಈಚೆಗೆ ಇಡಿ. ಸಿಲಿಕಾ ಜೆಲ್ ಪೊಟ್ಟಣ ಹಾಕಿ, ಮಳೆ ಬಿಟ್ಟ ದಿನ ಬೀರು ತೆರೆದು ಫ್ಯಾನು ಹಾಕಿ. ನುಸಿಗುಳಿಗೆ ಜರಿಗೆ ತಾಗಬಾರದು. ಮದುವೆ ಸೀರೆಯಂಥವು ತವರಲ್ಲೇ ಇದ್ದರೆ ಕ್ಷೇಮ.

ರಾಗಿಯನ್ನು ಕಾಳಾಗಿಯೇ ಒಯ್ಯಿರಿ. ಹೊರಡುವ ಮುಂಚೆ ಎರಡು ದಿನ ಬಿಸಿಲಿಗೆ ಒಣಗಿಸಿ, ಆರಿದ ಮೇಲೆ ಬಿಗಿಮುಚ್ಚಳದ ಡ್ರಮ್ಮಿಗೆ ತುಂಬಿ. ಹಿಟ್ಟು ಹತ್ತು ದಿನಕ್ಕಾಗುವಷ್ಟೇ ಬೀಸಿಸಿ, ಹೆಚ್ಚಾದರೆ ಗಂಟುಗಟ್ಟಿ ಮುಗ್ಗಲು ವಾಸನೆ ಬರುತ್ತದೆ. ತೇವ ಹೀರಿದ ಹಿಟ್ಟಿಗೆ ಮುದ್ದೆಯ ಎಸರು ತುಸು ಕಡಿಮೆಯಿರಲಿ. ನೆಲದಡಿಯ ಗುಂಡಿಯಲ್ಲಿ ಕಾಳು ತುಂಬಿಡುವ ನಮ್ಮ ಹಗೇವಿನ ಉಪಾಯ ಅಲ್ಲಿ ನಡೆಯದು. ಮಳೆಗಾಲದಲ್ಲಿ ಗುಂಡಿ ತೋಡಿದರೆ ಸಿಗುವುದು ಬಾವಿ.

ಮಕ್ಕಳಿಗೆ ಕೆರೆಯಲ್ಲಿ ಈಜು ಬರುತ್ತದೆ. ಕಡಲಿಗೆ ಬಿಡಬಹುದೇ?
(ಚಿಂತಾಮಣಿ)

ಕೆರೆಯ ಈಜು ಕಡಲಿಗೆ ಸಾಲದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮೊಣಕಾಲು ನೀರಿಗೂ ಬೇಡ. ಉಳಿದ ಕಾಲದಲ್ಲಿ ದೊಡ್ಡವರು ಕೈಯಳತೆಯಲ್ಲಿರಬೇಕು. ಕಾಳಿ ಸಮುದ್ರ ಸೇರುವ ಕಡೆ ಯಾವ ಕಾಲಕ್ಕೂ ಇಳಿಯಬಾರದು, ಇಳಿತದ ಹೊತ್ತಿಗೆ ಹೊಳೆಯೂ ಕಡಲೂ ಸೇರಿ ಹೊರಗೆ ಎಳೆಯುತ್ತವೆ.

ಮಕ್ಕಳಿಗೆ ಸೆಳೆತ ಗುರುತಿಸಲು ಕಲಿಸಿ. ಎರಡೂ ಕಡೆ ಅಲೆ ಒಡೆಯುತ್ತಿದ್ದು ನಡುವೆ ಒಂದು ಪಟ್ಟಿ ಮಾತ್ರ ಶಾಂತವಾಗಿ, ಕಪ್ಪಾಗಿ ಕಂಡರೆ, ನೊರೆ ಅಲ್ಲಿಂದ ಆಚೆಗೆ ಸಾಗುತ್ತಿದ್ದರೆ ಅದೇ ಸೆಳೆತ. ಹೊಸಬರು ‘ಇಲ್ಲಿ ಅಲೆಯಿಲ್ಲ’ ಎಂದು ಅಲ್ಲೇ ಇಳಿಯುತ್ತಾರೆ. ಸಿಕ್ಕಿಕೊಂಡರೆ ದಡಕ್ಕೆ ಎದುರೀಜಬಾರದು. ತೇಲಿಕೊಂಡು ಕೈಯೆತ್ತಬೇಕು, ಇಲ್ಲವೇ ದಡಕ್ಕೆ ಸಮಾನಾಂತರವಾಗಿ ಈಜಿ, ಎಳೆತ ತಪ್ಪಿದ ಮೇಲೆ ಓರೆಯಾಗಿ ಮರಳಬೇಕು. ಉಬ್ಬರ ದಿನಕ್ಕೆ ಎರಡು ಸಲ, ಮರುದಿನ ಸುಮಾರು 50 ನಿಮಿಷ ತಡ. ನಿನ್ನೆಯ ಹೊತ್ತು ಇವತ್ತಿಗೆ ಹೊಂದುವುದಿಲ್ಲ.

ಆಳವಿಲ್ಲದ ನೀರಲ್ಲಿ ಕಾಲೆತ್ತಿ ನಡೆಯದೆ ಮರಳಲ್ಲಿ ಎಳೆದುಕೊಂಡು ನಡೆಯಲಿ, ತೊರಕೆ ಮೀನು ಸರಿದುಹೋಗುತ್ತದೆ. ಅದರ ಮುಳ್ಳು ಚುಚ್ಚಿದರೆ ತಡೆದುಕೊಳ್ಳಬಹುದಾದಷ್ಟು ಬಿಸಿಯ ನೀರಲ್ಲಿ ಅರ್ಧ ಗಂಟೆಗಿಂತ ಹೆಚ್ಚು ಕಾಲಿಟ್ಟು, ಬಳಿಕ ಆಸ್ಪತ್ರೆಗೆ ಹೋಗಿ.

ಕೆರೆ ಮೀನು ತಿಂದು ಗೊತ್ತು, ಕಡಲ ಮೀನು ಕೊಳ್ಳುವುದು ಹೇಗೆ?
(ಗೌರಿಬಿದನೂರು)

ಕಿವಿರು ಕೆಂಪು, ಕಣ್ಣು ಉಬ್ಬಿ ಹೊಳೆಯುತ್ತಿರಬೇಕು, ಬೆರಳೊತ್ತಿದ ಗುಳಿ ತಕ್ಷಣ ಮೇಲೇಳಬೇಕು. ಮೊದಲು ಬಂಗಡೆ, ತಾರ್ಲೆಯಿಂದ (ಬೂತಾಯಿ) ಶುರುಮಾಡಿ, ಅಗ್ಗ ಮತ್ತು ರುಚಿ. ಬಂಗಡೆ ಬಿಸಿಲಲ್ಲಿ ಕೂತರೆ ಹಿಸ್ಟಮಿನ್ ಎಂಬ ರಾಸಾಯನಿಕ ಉಂಟಾಗಿ ಮೈ ಕೆಂಪಾಗುವ, ತಲೆ ಸಿಡಿಯುವ ತೊಂದರೆ ಬರುತ್ತದೆ, ಬೇಯಿಸಿದರೂ ಅದು ಹೋಗದು. ಕಿಲೋ ಮೀನಿಗೆ ಕಿಲೋ ಐಸು ಹಾಕಿಸಿ ತನ್ನಿ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ದೋಣಿಗಳಿಗೆ ನಿಷೇಧ, ಆಗ ಬೆಲೆ ಏರುತ್ತದೆ. ಒಣಮೀನನ್ನು ಮೇ ತಿಂಗಳಲ್ಲೇ ಕೊಂಡಿಡುತ್ತಾರೆ, ನೀವೂ ಹಾಗೇ ಮಾಡಿ.

ಜೊತೆಗೆ 74 ವರ್ಷದ ಅತ್ತೆಯವರಿದ್ದಾರೆ, ಹೃದಯದ ತೊಂದರೆ. ಊರಿಗೆ ಹೋಗಿಬರುವುದು ಹೇಗೆ?
(ಬಂಗಾರಪೇಟೆ)

ಕಾರವಾರದಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಿದೆ. ತುರ್ತಿಗೆ ಮೊದಲು ಅಲ್ಲಿಗೇ. ಆದರೆ ಹೃದಯ, ಮಿದುಳಿನ ದೊಡ್ಡ ಚಿಕಿತ್ಸೆಗೆ ಜನ ಗೋವಾ, ಮಣಿಪಾಲ ಅಥವಾ ಹುಬ್ಬಳ್ಳಿಗೆ ಓಡುತ್ತಾರೆ. ಎಲ್ಲಿಗೇ ಆದರೂ ರಸ್ತೆಯಲ್ಲಿ ಎರಡರಿಂದ ನಾಲ್ಕು ಗಂಟೆ. ಮಳೆಗಾಲದಲ್ಲಿ ಅದೂ ಖಾತ್ರಿಯಿಲ್ಲ. 2024ರ ಆಗಸ್ಟ್‌ನಲ್ಲಿ ಕಾಳಿ ನದಿಯ ಹಳೇ ಸೇತುವೆಯೇ ಕುಸಿದಿತ್ತು. ಅವರ ಹೃದಯ ತಜ್ಞರಿಂದ ಔಷಧಿಪಟ್ಟಿ, ಇಸಿಜಿ, ಎಕೋ ವರದಿಯ ಪ್ರತಿ ಪಡೆದು ಒಂದೇ ಚೀಲದಲ್ಲಿಡಿ. ಮಳೆ ಹಿಡಿಯುವ ಮುಂಚೆ ಎರಡು ತಿಂಗಳ ಮಾತ್ರೆ ತಂದಿಟ್ಟುಕೊಳ್ಳಿ. ತಪಾಸಣೆಯನ್ನು ಮೇ ಅಥವಾ ಅಕ್ಟೋಬರಿಗೆ ಹೊಂದಿಸಿ.

ಬೆಂಗಳೂರಿನಿಂದ ಕಾರವಾರಕ್ಕೆ ಹೋಗುವ ರಾತ್ರಿ ರೈಲು ಪಂಚಗಂಗಾ ಕುಣಿಗಲ್, ಹಾಸನ, ಸಕಲೇಶಪುರದ ಮೇಲೆ ಸಾಗುತ್ತದೆ. ವಯಸ್ಸಾದವರಿಗೆ ಇದೇ ಸರಿ. ಮಳೆಗಾಲದಲ್ಲಿ ಘಾಟಿಯಲ್ಲಿ ಮಣ್ಣು ಕುಸಿದರೆ ರೈಲು ನಿಲ್ಲುವುದೂ ಉಂಟು. ಹೊರಡುವ ಮಧ್ಯಾಹ್ನ ಒಮ್ಮೆ ವಿಚಾರಿಸಿ. ಕಾರವಾರದ ನಿಲ್ದಾಣ ಊರೊಳಗಿಲ್ಲ, ಶಿರವಾಡದಲ್ಲಿದೆ, ಆಟೋಗೆ ಮೊದಲೇ ಹೇಳಿಟ್ಟಿರಿ. ಅತ್ತೆಯವರಿಗೆ ಕೆಳಗಿನ ಬರ್ತ್ ಸಿಗುವಂತೆ ಟಿಕೆಟ್ ಮಾಡಿಸುವಾಗಲೇ ವಯಸ್ಸು ನಮೂದಿಸಿ.